ಮಗಳಿಗೊಂದು ಪತ್ರ: ಅಂಗೈ ಮೇಲೆ ಬಿದ್ದ ಗ್ರಹಣ

ನವನಗರ, ಬಾಗಲಕೋಟೆ
16-12-2025

ನಮ್ಮವ್ವಾ,

ಒಂದೇ ಮನೆಯಲ್ಲಿದ್ದು ಪತ್ರ ಬರೆಯುವುದು ನಗೆಪಾಟಲು, ಗೊತ್ತು. ಆದರೆ ಮೂರು ದಿನದಿಂದ ನೀನು ನನ್ನ ಜೊತೆ ಮಾತಾಡಿಲ್ಲ. ಇನ್ನೊಂದು ರೊಟ್ಟಿ ಬೇಕಾ ಅಂತ ಕೇಳುವುದನ್ನೂ ನಿಮ್ಮವ್ವನ ಕೈಲಿ ಹೇಳಿಸುತ್ತೀ. ಅದಕ್ಕೇ ಈ ಹಾಳೆಯನ್ನು ನಿನ್ನ ಬೈನಾಕ್ಯುಲರ್ ಡಬ್ಬಿಯಲ್ಲಿ ಇಡುತ್ತಿದ್ದೇನೆ. ಅದನ್ನಂತೂ ದಿನಾ ತೆಗೆಯುತ್ತೀ ಅಲ್ವಾ.

13ರ ರಾತ್ರಿ ನೀನು ಉಲ್ಕೆ ನೋಡಲು ಹೊರಟಾಗ ಯಾರು ಏನಂದರು ಅನ್ನೋದು ಬೇಡ. ಗೇಟಿಗೆ ಕೀಲಿ ಹಾಕಿ ಕೀಲಿಕೈ ಜೇಬಿಗೆ ಇಟ್ಟುಕೊಂಡವನು ನಾನು. ಅವತ್ತು ಮಲಗಿದರೂ ನಿದ್ದೆ ಬರಲಿಲ್ಲ. ಒಂದು ಸಂಗತಿ ನೆನಪಾಯಿತು. ಯಾರಿಗೂ ಹೇಳಿಲ್ಲ.

1980ರ ಫೆಬ್ರವರಿ 16, ಶನಿವಾರ. ನನಗೆ ಎಂಟು ವರ್ಷ. ಅಂಕೋಲಾ, ಗದಗ, ರಾಯಚೂರು ಕಡೆ ಹಾಯ್ದುಹೋದ ಖಗ್ರಾಸ ಗ್ರಹಣ. ನಮ್ಮೂರು ಆ ದಾರಿಗೆ ಹತ್ತಿರವೇ. ಹಳೇ ಊರಿನ ಮನೆ, ಈಗ ಹಿನ್ನೀರಿನ ಅಡಿ ಇದೆ. ಅವ್ವ ಮಧ್ಯಾಹ್ನವೇ ಬಾಗಿಲಿಗೆ ಅಗಳಿ ಹಾಕಿದಳು. ಮಾಳಿಗೆಯ ಬೆಳಕಿಂಡಿಗೆ ಗೋಣಿಚೀಲ ಮುಚ್ಚಿಸಿದಳು. ಚಿಗವ್ವ ಬಸುರಿ. ಅವಳು ಅಲುಗಾಡದೆ ಅಂಗಾತ ಮಲಗಬೇಕು, ಅಡಿಕೆ ಕೂಡ ಕತ್ತರಿಸಬಾರದು. (ಆ ಹೊಟ್ಟೆಯಲ್ಲಿದ್ದವನೇ ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿರುವ ನಿನ್ನ ಕಾಕಾ. ಅವನಿಗೆ ಏನೂ ಆಗಿಲ್ಲ, ಬೋಳುತಲೆ ಒಂದು ಬಿಟ್ಟರೆ.)

ಬಾಗಿಲಲ್ಲಿ ಮೊಳೆ ಕಿತ್ತ ತೂತೊಂದಿತ್ತು. ಇಳಿಹೊತ್ತಿಗೆ ಅದರಿಂದ ಬಿಸಿಲು ಒಳಗೆ ಬಂದು ಸಾರಿಸಿದ ನೆಲದ ಮೇಲೆ ಬೀಳುತ್ತಿತ್ತು. ದಿನಾ ಅದು ನಾಲ್ಕಾಣೆಯಷ್ಟು ದುಂಡಗೆ. ಅವತ್ತು ಒಂದು ಕಡೆ ಇಲಿ ತಿಂದ ಹಾಗಿತ್ತು. ನೋಡುನೋಡುತ್ತಾ ಕುಡುಗೋಲಾಯಿತು. ನಾನು ಕೈ ಒಡ್ಡಿದೆ. ಅಂಗೈ ಮೇಲೆ ಪುಟ್ಟ ಕುಡುಗೋಲು, ಕೈ ಸರಿಸಿದರೂ ಅಲುಗಾಡದೆ ನಿಂತಿತ್ತು. ಅದು ಉಗುರಿನ ತುದಿಯಷ್ಟು ತೆಳ್ಳಗಾಗುವಷ್ಟರಲ್ಲಿ ಅವ್ವ ನೋಡಿಬಿಟ್ಟಳು. ಬೆನ್ನಿಗೆ ಒಂದು ಬಿತ್ತು. ತೂತಿಗೆ ಅರಿವೆ ತುರುಕಿದಳು. ಆಮೇಲೆ ಹೊರಗೆ ಏನಾಯಿತೋ ನಾನು ಕಾಣೆ. ಪಕ್ಕದ ಮನೆ ಕೋಳಿಗಳು ಗೂಡು ಸೇರುವ ಸದ್ದು ಕೇಳಿತು, ಅಷ್ಟೇ.

ಕೈ ಕೊಳೆತುಹೋಗುತ್ತೆ ಅಂತ ಎಂಟು ದಿನ ಹೆದರಿದ್ದೆ. ಸಾಲೆಯಲ್ಲಿ ಬಲಗೈ ಬಿಚ್ಚುತ್ತಲೇ ಇರಲಿಲ್ಲ. ಹೋದ ತಿಂಗಳು ನೀನು ರಟ್ಟಿಗೆ ಸೂಜಿಯಿಂದ ತೂತು ಹಾಕಿ ತಾರಸಿ ಮೇಲೆ ಸೂರ್ಯನ ಬಿಂಬ ತೋರಿಸಿದೆಯಲ್ಲ. "ಸಣ್ಣ ತೂತು ಯಾವುದಾದರೂ ಸೂರ್ಯನ ಚಿತ್ರ ಬಿಡಿಸುತ್ತೆ ಅಪ್ಪಾ" ಅಂದೆ. ನಾನು ನೀರಿನ ಮೋಟರ್ ನೆಪ ಹೇಳಿ ಕೆಳಗಿಳಿದೆ. ಕಾರಣ ಇದು.

ಅವ್ವನಿಗೆ ಗ್ರಹಣದ ಹೆದರಿಕೆ ಇತ್ತು. ನನಗೆ? ಮುಚಖಂಡಿ ಕೆರೆ ಆಚೆಯ ಹೊಲ, ರಾತ್ರಿ ಎರಡು ಗಂಟೆ, ಚುಕ್ಕಿ ನೋಡುವ ನಿಮ್ಮ ಸಂಘದ ಹನ್ನೆರಡು ಜನರಲ್ಲಿ ಹುಡುಗಿಯರು ಇಬ್ಬರೇ. ಅರ್ಧ ಅದು. ಇನ್ನರ್ಧ ಎದುರು ಮನೆಯವರು. ಸುಳ್ಳು ಯಾಕೆ ಹೇಳಲಿ.

ಮಿಥುನ ರಾಶಿ ನಡುರಾತ್ರಿ ಆದಮೇಲೆ ನೆತ್ತಿಗೆ ಬರುತ್ತೆ, ಒಳ್ಳೆ ಕತ್ತಲಿದ್ದರೆ ತಾಸಿಗೆ ನೂರರ ತನಕ ಉಲ್ಕೆ ಕಾಣುತ್ತವೆ ಅಂತ ನೀನು ಬಿಡಿಸಿ ಹೇಳಿದ್ದೆ. ನಾನು "ಮನೆಯಿಂದಲೇ ನೋಡು" ಅಂದೆ, ಎದುರಿಗೆ ಬೀದಿದೀಪ ಉರಿಯುತ್ತಿದ್ದರೂ. ಒಂದು ಗಂಟೆ ಸುಮಾರಿಗೆ ಕಿಟಕಿಯಿಂದ ನನಗೊಂದು ಕಂಡಿತು. ಉದ್ದಕ್ಕೆ, ಬೆಳ್ಳಗೆ. ನೀನು ಮೆಟ್ಟಿಲ ಮೇಲೆ ಮೊಣಕಾಲಿಗೆ ಮುಖ ಇಟ್ಟು ಕೂತಿದ್ದೆ. ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಅದೊಂದು ಕೊರೆಯುತ್ತಿದೆ.

ಶನಿಯ ಉಂಗುರ ನೋಡಿಬಂದ ದಿನವೂ ಅಷ್ಟೇ. ಈ ವರ್ಷ ಅದು ಬರೀ ಅಡ್ಡಗೆರೆಯ ಹಾಗೆ ಕಾಣುತ್ತೆ ಅಂತ ಕುಣಿಯುತ್ತಾ ಹೇಳಿದೆ. ನಾನು "ಊಟ ಮಾಡು" ಅಂದೆ. ಆದರೆ ಮರುದಿನ ಅಂಗಡಿಯಲ್ಲಿ ನಾಲ್ಕು ಜನಕ್ಕೆ ನಾನೇ ಹೇಳಿದೆ. ರೋಹಿಣಿಯದ್ದೂ ಹೇಳಿದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅಂತ ಇಷ್ಟು ವರ್ಷ ಅಂದೆನೇ ಹೊರತು, ಮಳೆಗೆ ಆ ಹೆಸರು ಸೂರ್ಯ ಆ ಚುಕ್ಕಿಯ ಹತ್ತಿರ ಇರುವುದಕ್ಕೆ, ಅದಕ್ಕೇ ಆಗ ರೋಹಿಣಿ ಕಾಣುವುದೇ ಇಲ್ಲ ಅನ್ನೋದು ಗೊತ್ತಿರಲಿಲ್ಲ. ನಿನ್ನ ಹೆಸರು ಹೇಳಿಯೇ ಹೇಳಿದೆ.

ಈಗ ನಾಲ್ಕು ಮಾತು. ಬೈನಾಕ್ಯುಲರ್ ಅಪ್ಪಿತಪ್ಪಿಯೂ ಸೂರ್ಯನ ಕಡೆ ತಿರುಗಿಸಬೇಡ. ಹೊಲದಲ್ಲಿ ಚಪ್ಪಲಿ ಬೇಡ, ಬೂಟು ಹಾಕು, ಹಾವು ಇರುತ್ತವೆ. ಫೋನ್ ಚಾರ್ಜ್ ಮಾಡಿಕೋ. ಸೆಮಿಸ್ಟರ್ ಹತ್ತಿರ ಬಂತು, ಚುಕ್ಕಿ ಎಲ್ಲೂ ಓಡಿಹೋಗುವುದಿಲ್ಲ, ಅಂಕ ಮಾತ್ರ ಹೋಗುತ್ತೆ. ಯಾರದೋ ಗಾಡಿ ಹತ್ತಿ ಬರಬೇಡ, ನಾನೇ ಬರುತ್ತೇನೆ. ನೋಡು, ಮತ್ತೆ ಭಾಷಣ ಶುರುವಾಯಿತು.

ಎಳ್ಳಮಾವಾಸ್ಯೆ ಬಂತು. ಚರಗ ಚೆಲ್ಲಲು ಹೆಂಗೂ ಹೊಲಕ್ಕೆ ಹೋಗುತ್ತೇವೆ. ಕತ್ತಲು ಬೇಕು ಅಂತ ನಿಮ್ಮವರೂ ಅವತ್ತೇ ಸೇರುತ್ತಾರಂತೆ. ಸಂಜೆ ನಿನ್ನನ್ನು ಅಲ್ಲಿಗೆ ಬಿಡುತ್ತೇನೆ. ದೂರ ಗಾಡಿ ಹತ್ತಿರವೇ ಕೂತಿರುತ್ತೇನೆ, ಮಾತಾಡಿಸಬೇಕಿಲ್ಲ. ಕತ್ತಲಿಗೆ ಹೊಂದಿಕೊಂಡ ನಿಮ್ಮ ಕಣ್ಣಿಗೆ ಚುಚ್ಚದಿರಲಿ ಅಂತ ನನ್ನ ಟಾರ್ಚಿಗೂ ಕೆಂಪು ಹಾಳೆ ಅಂಟಿಸಿದ್ದೇನೆ.

ಶೇಂಗಾ ಹೋಳಿಗೆ ಎಷ್ಟು ಜನಕ್ಕೆ ಮಾಡಬೇಕು ಅಂತ ನಿಮ್ಮವ್ವ ಕೇಳುತ್ತಿದ್ದಾಳೆ. ಅದನ್ನಾದರೂ ನನಗೇ ಹೇಳು.

ನಿನ್ನ ಅಪ್ಪ