ಇ-ಖಾತಾ ಇದ್ದರೆ ಸಾಕೇ? ಅಕ್ಕ-ತಂಗಿಯರ ಸಹಿ ಎಲ್ಲಿ?

ಮಾನ್ಯ ಸಂಪಾದಕರೇ,

ಕಲಬುರಗಿಯ ನೋಂದಣಿ ಕಚೇರಿಗೆ ಬರುವವರೇ ನನ್ನ ಗಿರಾಕಿಗಳು. ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ವಕೀಲರು, ಬಾಂಡ್ ರೈಟರ್‌ಗಳು ಕೊಟ್ಟ ಕರಡನ್ನು ಟೈಪ್ ಮಾಡಿಕೊಡುತ್ತೇನೆ. ನಾನು ವಕೀಲೆ ಅಲ್ಲ. ಆದರೆ ಪ್ರಿಂಟ್ ಬರುವವರೆಗೆ ಜನ ಸುಮ್ನೆ ಕೂರುವುದಿಲ್ಲ, ಏನಾದರೂ ಕೇಳುತ್ತಾರೆ. ಮೊದಲೆಲ್ಲ ಪ್ರಶ್ನೆಗಳು ಜಾಸ್ತಿ ಇರುತ್ತಿದ್ದವು. ಇ-ಖಾತಾ (ಆಸ್ತಿ ತೆರಿಗೆ ದಾಖಲೆಯ ಕಂಪ್ಯೂಟರ್ ಪ್ರತಿ) ಬಂದ ಮೇಲೆ ಕಡಿಮೆಯಾಗಿವೆ. ಹಳೆ ಕಾಗದ ನೋಡಿದ್ರಾ ಅಂತ ನಾನೇ ಕೇಳಿದರೂ ಉತ್ತರ ಒಂದೇ: “ಇ-ಖಾತಾ ಅದರೀ ಅಕ್ಕೋರೆ, ಮತ್ತೇನ್ ನೋಡೋದದ?” ಈ ಪತ್ರಕ್ಕೆ ಆ ಮಾತೇ ಕಾರಣ.

2024ರ ಅಕ್ಟೋಬರ್‌ನಿಂದ ಊರೊಳಗಿನ ಆಸ್ತಿಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಇದು ಒಳ್ಳೆಯದೇ. ಒಂದೇ ಪ್ಲಾಟನ್ನು ಇಬ್ಬರಿಗೆ ಮಾರುವುದು, ಕೈಬರಹದ ಖಾತಾದಲ್ಲಿ ಅಳತೆ ತಿದ್ದುವುದು ಈಗ ಅಷ್ಟು ಸುಲಭವಲ್ಲ. ಆದರೆ ಖಾತಾ ಹೇಳುವುದೇನು? ಈ ಆಸ್ತಿಯ ತೆರಿಗೆ ಯಾರ ಹೆಸರಿನಲ್ಲಿದೆ ಎಂದು. ಮಾಲೀಕರು ಯಾರು ಎಂದು ತೀರ್ಮಾನಿಸುವ ಕಾಗದ ಅದಲ್ಲ. ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೆ ಮನೆಗಳಲ್ಲಿ ಅಪ್ಪ ತೀರಿಕೊಂಡ ಮೇಲೆ ಊರಲ್ಲಿ ಉಳಿದ ಮಗ ತೆರಿಗೆ ಕಟ್ಟಿಕೊಂಡು ಬಂದಿರುತ್ತಾನೆ, ಖಾತಾ ಅವನ ಹೆಸರಿಗೆ ಆಗಿರುತ್ತದೆ. ಹಕ್ಕು ಮಾತ್ರ ಐದು ಜನರದ್ದು.

ಆ ಐದರಲ್ಲಿ ಮೂವರು ಹೆಣ್ಣುಮಕ್ಕಳಾದರೆ ಅವರ ಹೆಸರು ಕಾಗದದಲ್ಲಿ ಕಾಣುವುದೇ ಇಲ್ಲ. ಒಬ್ಬರನ್ನು ಸೊಲ್ಲಾಪುರಕ್ಕೆ ಕೊಟ್ಟಿರುತ್ತಾರೆ, ಒಬ್ಬರನ್ನು ಹೈದರಾಬಾದಿಗೆ. “ಲಗ್ನದಾಗ ಬಂಗಾರ ಹಾಕೇವಲ್ಲ, ಮತ್ತ ಸಹಿ ಯಾಕ್ರಿ?” ಅನ್ನುತ್ತಾರೆ ಅಣ್ಣಂದಿರು. ಬಂಗಾರ ಕೊಟ್ಟರೆ ಪಾಲು ಹೋಗುತ್ತದೆ ಅಂತ ಯಾವ ಕಾಯ್ದೆಯೂ ಹೇಳಿಲ್ಲ. ಅಪ್ಪ ತಾನೇ ಗಳಿಸಿದ ಮನೆ, ವಿಲ್ ಬರೆಯದೆ ತೀರಿಕೊಂಡರು ಅಂದುಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಆಗ ಅಪ್ಪ ಬದುಕಿರಬೇಕಿತ್ತೋ ಇಲ್ಲವೋ ಎಂಬ ಗೊಂದಲ ಬಹಳ ವರ್ಷ ಇತ್ತು. ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಪಾಲು ಪತ್ರ ಇದ್ದರೆ ಅದು ಹಾಗೇ ಉಳಿಯುತ್ತದೆ. ಮುಸ್ಲಿಂ ಮನೆತನಗಳಲ್ಲಿ ಪಾಲಿನ ಲೆಕ್ಕ ಬೇರೆ. ಆದರೆ ಅಲ್ಲೂ ಮಗಳಿಗೆ, ಹೆಂಡತಿಗೆ ಪಾಲು ಇದ್ದೇ ಇದೆ.

ವಂಶಾವಳಿಯ ಅಫಿಡವಿಟ್ ಟೈಪ್ ಮಾಡುವಾಗ “ಹೆಣ್ಣುಮಕ್ಕಳು ಎಷ್ಟು ಜನ?” ಎಂದು ನಾನು ಕೇಳಿಯೇ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಇನ್ನು ಕೆಲವರು ಅಕ್ಕ-ತಂಗಿಯರನ್ನು ಕರೆತಂದು ಖರೀದಿ ಪತ್ರದ ಕೊನೆಗೆ ಸಾಕ್ಷಿ ಅಂತ ಸಹಿ ಹಾಕಿಸುತ್ತಾರೆ. ಬರೀ ಸಾಕ್ಷಿ ಸಹಿ ಹಾಕಿದ ಮಾತ್ರಕ್ಕೆ ಪಾಲು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಅವರು ಮಾರಾಟಗಾರರ ಸಾಲಿನಲ್ಲೇ ಇರಬೇಕು. ಇಲ್ಲವೇ ಮೊದಲೇ ಹಕ್ಕು ಬಿಡುಗಡೆ ಪತ್ರ ಮಾಡಿ, ಅದನ್ನೂ ನೋಂದಣಿ ಮಾಡಿಸಬೇಕು. ಬಾಂಡ್ ಪೇಪರ್ ಮೇಲೆ “ನನಗೇನೂ ಬೇಡ” ಎಂದು ಬರೆಸಿಕೊಂಡು ಫೈಲಿಗೆ ಹಾಕಿದರೆ ನಡೆಯುವುದಿಲ್ಲ.

ಸೇಡಂ ರಸ್ತೆ ಕಡೆ ಮನೆ ಕೊಂಡ ಒಬ್ಬ ಶಿಕ್ಷಕರಿಗೆ ಗೃಹಪ್ರವೇಶ ಮುಗಿದು ಎಷ್ಟೋ ದಿನಗಳ ಮೇಲೆ ಕೋರ್ಟಿನ ಸಮನ್ಸ್ ಬಂತು. ಮಾರಿದವರ ಇಬ್ಬರು ತಂಗಿಯರು ಪಾಲಿನ ದಾವೆ ಹಾಕಿದ್ದರು, ಇವರನ್ನೂ ಪ್ರತಿವಾದಿ ಮಾಡಿದ್ದರು. ಸಮನ್ಸಿನ ಝೆರಾಕ್ಸ್ ಮಾಡಿಸಲು ನನ್ನ ಅಂಗಡಿಗೇ ಬಂದಿದ್ದರು. “ರಿಜಿಸ್ಟರ್ ಆಗೈತಲ್ಲ ಮೇಡಂ?” ಅಂತ ಕೇಳುತ್ತಲೇ ಇದ್ದರು. ಆಗಿದೆ ನಿಜ. ಆದರೆ ಅಣ್ಣ ಮಾರಬಹುದಾಗಿದ್ದು ತನ್ನ ಪಾಲನ್ನು ಮಾತ್ರ. ಪಾಲಾಗದ ಕುಟುಂಬದ ಮನೆಯಲ್ಲಿ ಒಬ್ಬರ ಪಾಲನ್ನು ಹೊರಗಿನವರು ಕೊಂಡರೆ ಅವರಿಗೆ ಮನೆಯವರ ಜೊತೆ ಜಂಟಿ ಸ್ವಾಧೀನ ಕೇಳುವ ಹಕ್ಕೂ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ ಹಾಗೆ ಹೇಳುತ್ತದೆ. ಪಾಲು ಮಾಡಿಸಿಕೊಳ್ಳಲು ಮತ್ತೆ ಕೋರ್ಟಿಗೇ ಹೋಗಬೇಕು. ಆ ಶಿಕ್ಷಕರಿಗೆ ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳು ತಪ್ಪುವುದಿಲ್ಲ.

ರಿಜಿಸ್ಟರ್ ಆಯಿತು ಅಂದರೆ ಸರ್ಕಾರವೇ ಒಪ್ಪಿತು ಅಂತ ಜನ ತಿಳಿದಿದ್ದಾರೆ. 1908ರ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾಗುವುದು ಪತ್ರ, ಮಾಲೀಕತ್ವವಲ್ಲ. ಕೌಂಟರಿನಲ್ಲಿ ಮುದ್ರಾಂಕ ಶುಲ್ಕ ಸರಿ ಇದೆಯಾ, ಗುರುತು ಸರಿ ಇದೆಯಾ ನೋಡುತ್ತಾರೆ, ಫೋಟೊ, ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ಮಾರುವವನಿಗೆ ನಿಜಕ್ಕೂ ಹಕ್ಕಿದೆಯಾ ಎಂದು ತೀರ್ಪು ಕೊಡುವುದು ಉಪ ನೋಂದಣಾಧಿಕಾರಿಯ ಕೆಲಸವಲ್ಲ. ತಮಿಳುನಾಡಿನ ಒಂದು ಪ್ರಕರಣದಲ್ಲಿ 2025ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಹಕ್ಕು ಪರೀಕ್ಷಿಸುವ ಹೊಣೆ ಕೊಳ್ಳುವವನ ಮೇಲೇ ಬೀಳುತ್ತದೆ. ಇದು ಸರಿಯಾ ಅಂತ ನನ್ನನ್ನು ಕೇಳಿದರೆ, ಅಷ್ಟು ಶುಲ್ಕ ಕಟ್ಟಿಸಿಕೊಂಡ ಮೇಲೆ ಒಂದಿಷ್ಟಾದರೂ ನೋಡಬೇಕಿತ್ತು ಅನ್ನುತ್ತೇನೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಬೇರೆ.

ಹಾಗಾದರೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಸಾಕಾ? ಇಸಿ ಬೇಕೇ ಬೇಕು, ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ಮನೆಯಲ್ಲೇ ಬರೆದಿಟ್ಟ ವಿಲ್, ನಡೆಯುತ್ತಿರುವ ದಾವೆ, ಯಾವುದೂ ಅದರಲ್ಲಿ ಬರುವುದಿಲ್ಲ. ಆನ್‌ಲೈನಿನಲ್ಲಿ ಸಿಗುವುದೂ 2004ರಿಂದೀಚಿನದ್ದು. ಅದಕ್ಕೂ ಹಿಂದಿನದು ಬೇಕಾದರೆ ಕಚೇರಿಯಲ್ಲೇ ಅರ್ಜಿ ಕೊಡಬೇಕು, ಮತ್ತು ಕೊಡಲೇಬೇಕು. ದಾವೆ ಇದೆಯೋ ಇಲ್ಲವೋ ನೋಡಲು ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಬಹುದು. ದುಡ್ಡೇನೂ ಇಲ್ಲ. ನಮ್ಮವರ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಆದ್ದರಿಂದ ನಾಲ್ಕೈದು ರೀತಿ ಬರೆದು ನೋಡಬೇಕು.

ಇನ್ನು ನಮ್ಮ ಭಾಗಕ್ಕೇ ಇರುವ ತೊಡಕು ಉರ್ದು ಕಾಗದಗಳದ್ದು. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ನಿಜಾಮರ ಕಾಲದ ಕಚೇರಿ ಕಾಗದಗಳು ಉರ್ದುವಿನಲ್ಲಿವೆ. ಮನೆ ಮಾರುವವರು ಅಂಥ ಒಂದು ಹಳದಿ ಹಾಳೆಯ ಝೆರಾಕ್ಸ್ ತಂದು ಫೈಲಿಗೆ ಸೇರಿಸುತ್ತಾರೆ. ಕೊಳ್ಳುವವರು ಅದನ್ನು ಮುಟ್ಟಿ ನಮಸ್ಕಾರ ಮಾಡುವುದೊಂದು ಬಾಕಿ, ಓದಿಸುವುದಿಲ್ಲ. ಅದು ಖರೀದಿ ಪತ್ರವೋ, ಬಾಡಿಗೆ ಚೀಟಿಯೋ, ಅಡವು ಪತ್ರವೋ ಯಾರಿಗೆ ಗೊತ್ತು? ಉರ್ದು ಮಾತಾಡುವವರು ಊರ ತುಂಬ ಇದ್ದಾರೆ. ಆ ಕಾಲದ ಕಚೇರಿ ಕೈಬರಹ ಓದಬಲ್ಲವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಅಂಥವರನ್ನು ಹುಡುಕಿ, ಕನ್ನಡಕ್ಕೆ ಬರೆಸಿಕೊಂಡು, ವಕೀಲರಿಗೆ ತೋರಿಸಿದ ಮೇಲೆಯೇ ಇಸಾರ (ಮುಂಗಡ) ಕೊಡಬೇಕು.

ಇಸಾರ ಅಂದ ಮೇಲೆ ಅದರ ಬಗ್ಗೆಯೂ ಎರಡು ಮಾತು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಮುಂಗಡ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ಆದಾಯ ತೆರಿಗೆಯವರು ಅಷ್ಟೇ ಮೊತ್ತದ ದಂಡ ಹಾಕಬಹುದು, ಅದೂ ಮಾರುವವರಿಗೆ. ಮಾರುವವರು ನಗದೇ ಬೇಕು ಅಂದಾಗ ಇದನ್ನು ಹೇಳಿ ನೋಡಿ, ಚೆಕ್ಕಿಗೆ ಒಪ್ಪುತ್ತಾರೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದು ಕಟ್ಟಬೇಕು. ಕರಾರು ಪತ್ರ ಎಂಬುದು ಮಾರಾಟವಲ್ಲ. ಮಾರುವವರು ತಕರಾರು ಮಾಡಿದರೆ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು, ಹೇಗೂ ಕರಾರಿದೆ ಅಂತ ಸುಮ್ನೆ ಕೂರುವಂತಿಲ್ಲ.

ರಿಂಗ್ ರೋಡಿನ ಆಚೆ ಹೊಲವನ್ನು ತುಂಡು ಮಾಡಿ ನೋಟರಿ ಮೇಲೆ, ಇಲ್ಲವೇ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರುವುದು ನಡೆದೇ ಇದೆ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿಲ್ಲ, ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇಲ್ಲ, ಆದರೂ “ಬಿ ಖಾತಾ ಮಾಡಿಸಿಕೊಡ್ತೀವ್ರಿ” ಎನ್ನುತ್ತಾರೆ ಏಜೆಂಟರು. ಬಿ ಖಾತಾ ಕೊಟ್ಟಿರುವುದು ತೆರಿಗೆ ಕಟ್ಟಲಿಕ್ಕೆ. ಬಡಾವಣೆ ಸಕ್ರಮವಾಯಿತು ಅಂತಲ್ಲ. ಸರ್ಕಾರದಿಂದ ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರಂತೂ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ವಾಪಸು ಹೋಗುತ್ತದೆ. 2023ರ ತಿದ್ದುಪಡಿ ಪ್ರಕಾರ ಹಾಗೆ ವಾಪಸು ಕೇಳಲು ಕಾಲಮಿತಿಯೂ ಇಲ್ಲ.

ಮಾರುವವರದ್ದೂ ಗೋಳಿದೆ. ಸಾಲ ತೀರಿದೆ, ಆದರೆ ಅಸಲು ಕಾಗದ ಬ್ಯಾಂಕಿನಿಂದ ಬಂದಿಲ್ಲ, ಅದಕ್ಕೇ ವ್ಯವಹಾರ ನಿಂತಿದೆ ಅನ್ನುವವರು ಎಷ್ಟೋ ಜನ. 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಸಾಲ ತೀರಿದ 30 ದಿನದೊಳಗೆ ಕಾಗದ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಈ ನಿಯಮ ಬರೆದು ಒಂದು ಅರ್ಜಿ ಟೈಪ್ ಮಾಡಿಸಿಕೊಂಡು ಹೋಗಿ, ಕೆಲಸ ಬೇಗ ಆಗುತ್ತದೆ.

ಇಷ್ಟನ್ನೂ ಪತ್ರಿಕೆಯಲ್ಲೇ ಓದಬಹುದಿತ್ತು, ಅಲ್ವಾ? ಆದರೆ ಪತ್ರಿಕೆಗಳಲ್ಲಿ ಬರುವ ಪ್ರಶ್ನೋತ್ತರ ನೋಡಿ. ಬಿಡಿಎ ಸೈಟು, ಬೆಂಗಳೂರಿನ ಅಪಾರ್ಟ್‌ಮೆಂಟು, ಅಲ್ಲಿನ ಸಂಘದ ಜಗಳ. ಉರ್ದು ಕಾಗದದ ಮನೆ, ನೋಟರಿ ಪ್ಲಾಟು, ಸೊಲ್ಲಾಪುರದಲ್ಲಿರುವ ತಂಗಿಯ ಸಹಿ, ಇವು ನಮ್ಮ ಪ್ರಶ್ನೆಗಳು. ವಾರಕ್ಕೊಮ್ಮೆ ಕಲ್ಯಾಣ ಕರ್ನಾಟಕದ ಪುಟದಲ್ಲಿ ಇವಕ್ಕೆ ಸ್ವಲ್ಪ ಜಾಗ ಕೊಡಿ. ಕಲಬುರಗಿಯಲ್ಲಿ ಹೈಕೋರ್ಟ್ ಪೀಠವೇ ಇದೆ, ಉತ್ತರ ಬರೆಯುವ ವಕೀಲರಿಗೆ ಇಲ್ಲೇನೂ ಬರ ಇಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಒಂದು ವಿನಂತಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ನಿಮ್ಮಲ್ಲಿ ಉಚಿತ ಕಾನೂನು ನೆರವು ಇದೆ. ಆದರೆ ಅದು ಬೇಕಾಗಿರುವುದು ಕೇಸು ಬಿದ್ದ ಮೇಲಲ್ಲ, ಇಸಾರ ಕೊಡುವ ಮೊದಲು. ವಾರದಲ್ಲಿ ಒಂದು ದಿನ ಒಬ್ಬ ವಕೀಲರನ್ನು ನೋಂದಣಿ ಕಚೇರಿ ಹತ್ತಿರ ಕೂರಿಸಿ. ಕಚೇರಿಯಲ್ಲಿ ಜಾಗ ಇಲ್ಲ ಅಂದರೆ ನನ್ನ ಅಂಗಡಿ ಮುಂದೆ ಒಂದು ಮೇಜು, ಎರಡು ಕುರ್ಚಿ ಹಿಡಿಯುತ್ತದೆ. ಬಾಡಿಗೆ ಬೇಡ, ಚಹಾ ನಾನೇ ತರಿಸುತ್ತೇನೆ.

ಇತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗಿ,
ಕಲಬುರಗಿ