ಹಸ್ಬಾಯಾ ಕಡೆಯ ಆ ಮನೆಯವರಿಗೆ

ಹೋದ ವಾರ ಸೇನೆಯಿಂದ ನಿವೃತ್ತನಾದೆ. ಹಾರೈಸಿದ ಎಲ್ಲರಿಗೂ ಧನ್ಯವಾದ. ಜೊತೆಯಲ್ಲಿ ದುಡಿದವರಿಗೆ, ಕೆಲಸ ಕಲಿಸಿದ ಉಸ್ತಾದರಿಗೆ, ನಾನಿಲ್ಲದ ಹಬ್ಬಗಳನ್ನೆಲ್ಲ ಒಬ್ಬಳೇ ನಿಭಾಯಿಸಿದ ಹೆಂಡತಿಗೆ ಎದುರಿಗೇ ಹೇಳಿದ್ದೇನೆ. ಎದುರಿಗೆ ಹೇಳಲು ಆಗದ ಒಂದು ಕುಟುಂಬ ದಕ್ಷಿಣ ಲೆಬನಾನ್‌ನಲ್ಲಿದೆ.

2021ರಲ್ಲಿ ನಾನು ಅಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಾದ ಯುನಿಫಿಲ್‌ನಲ್ಲಿದ್ದೆ. ಆ ಪಡೆ ಅಲ್ಲಿರುವುದು 1978ರಿಂದ, ಭಾರತದ ಬೆಟಾಲಿಯನ್ ಹೋಗಿದ್ದು 1998ರಲ್ಲಿ. ಲೆಬನಾನ್ ಮತ್ತು ಇಸ್ರೇಲ್ ನಡುವೆ ವಿಶ್ವಸಂಸ್ಥೆ ಗುರುತಿಸಿದ ಗೆರೆ, ಅಂದರೆ ನೀಲಿ ರೇಖೆಯ ಪಕ್ಕ ಗಸ್ತು ತಿರುಗುವುದು ಮುಖ್ಯ ಕೆಲಸ. ಜೊತೆಗೆ ಹಳ್ಳಿಗಳ ಜನರಿಗೂ ದನಕರುಗಳಿಗೂ ನಮ್ಮವರು ಚಿಕಿತ್ಸೆ ಕೊಡುತ್ತಾರೆ. ನಾನು ಪಶುವೈದ್ಯ ಸಾಹೇಬರ ಸಹಾಯಕ. ಹರ್ಮನ್ ಬೆಟ್ಟದ ತಪ್ಪಲಿನಲ್ಲಿ, ಹಸ್ಬಾಯಾ ಕಡೆಯ ಒಂದು ಹಳ್ಳಿಯಲ್ಲಿ, ಒಬ್ಬ ಅಜ್ಜಿಯ ಹಸುವಿಗೆ ಕೆಚ್ಚಲು ಬಾವು ಆಗಿತ್ತು. ಕೆಲವು ದಿನ ಹೋಗಿ ಬಂದೆವು, ವಾಸಿಯಾಯಿತು. ಊಟ ಮಾಡದೆ ಈ ಸಲ ಕಳಿಸುವುದಿಲ್ಲ ಎಂದು ಅಜ್ಜಿ ಹಟ ಹಿಡಿದರು.

ಆಗ ಆ ದೇಶದ ಸ್ಥಿತಿ ಹೇಗಿತ್ತು ಎಂದು ಹೇಳದಿದ್ದರೆ ಆ ಊಟದ ಬೆಲೆ ಗೊತ್ತಾಗುವುದಿಲ್ಲ. ಅಲ್ಲಿನ ಹಣ ಲಿರಾ, ವರ್ಷಗಟ್ಟಲೆ ಡಾಲರಿಗೆ ಸುಮಾರು 1,500 ಇತ್ತು. 2021ರ ಕೊನೆಗೆ ಹೊರಗಿನ ಮಾರುಕಟ್ಟೆಯಲ್ಲಿ ಅದು 25,000 ದಾಟಿತ್ತು. ಜನರ ಉಳಿತಾಯ ಬ್ಯಾಂಕಿನಲ್ಲೇ ಸಿಕ್ಕಿಬಿದ್ದಿತ್ತು. ಪೆಟ್ರೋಲಿಗೆ ಉದ್ದುದ್ದ ಸಾಲು. ಸರ್ಕಾರದ ಕರೆಂಟ್ ದಿನಕ್ಕೆ ಎರಡು ಮೂರು ಗಂಟೆ ಬಂದರೆ ಹೆಚ್ಚು. ಇಂಥದ್ದರಲ್ಲಿ ಅವರು ನಮಗಾಗಿ ಒಲೆ ಹಚ್ಚಿದ್ದರು. ಬೇಡ ಎನ್ನಬೇಕೋ, ಕೂರಬೇಕೋ ನನಗೆ ತಿಳಿಯಲಿಲ್ಲ. ಸಾಹೇಬರು ಮೇಲಿನವರ ಒಪ್ಪಿಗೆ ಪಡೆದು ಬಂದು, "ಕೂತರೆ ಹೊಟ್ಟೆ ತುಂಬ ಉಣ್ಣಬೇಕು, ಸುಮ್ನೆ ರುಚಿ ನೋಡಿ ಎದ್ದು ಬರಬಾರದು" ಎಂದರು. ಅದೇ ಸರಿ ಎಂದು ಈಗಲೂ ಅನಿಸುತ್ತದೆ.

ನಮ್ಮಲ್ಲಿ ಮಾಂಸ ತಿನ್ನದವರಿದ್ದರು. ಸೊಸೆ ಅದನ್ನು ದುಭಾಷಿಯ ಹತ್ತಿರ ಮೊದಲೇ ಕೇಳಿ ತಿಳಿದುಕೊಂಡು, ಎಲ್ಲರಿಗೂ ಮುಜದ್ದರ ಮಾಡಿದ್ದರು. ಮಸೂರ ಕಾಳು, ಅಕ್ಕಿ, ಮೇಲೆ ಕಂದು ಬಣ್ಣ ಬರುವಷ್ಟು ಹುರಿದ ಈರುಳ್ಳಿ. ಪಕ್ಕದಲ್ಲಿ ಮೊಸರು, ಅವರದ್ದೇ ಮರದ ಆಲಿವ್ ಕಾಯಿ, ತೆಳುವಾದ ರೊಟ್ಟಿ. ಮೊಸರು ನಾವು ನೋಡಿಕೊಂಡ ಹಸುವಿನದೇ ಎಂದು ಅಜ್ಜಿ ಎರಡು ಸಲ ಹೇಳಿದರು. ತಟ್ಟೆ ಖಾಲಿಯಾಗಲು ಅವರು ಬಿಡಲೇ ಇಲ್ಲ.

ಊಟವಾದ ಮೇಲೆ 'ಮಾತೆ' ಎಂಬ ಎಲೆಯ ಚಹಾ ಬಂತು. ಹಿಂದೆ ದಕ್ಷಿಣ ಅಮೆರಿಕಕ್ಕೆ ದುಡಿಯಲು ಹೋದವರು ಮರಳುವಾಗ ತಂದ ಪಾನೀಯ ಅದು. ಒಂದೇ ಲೋಹದ ಕೊಳವೆ, ನಿಂಬೆ ಸಿಪ್ಪೆಯಿಂದ ಅದರ ತುದಿ ಒರೆಸಿ ಮುಂದಿನವರಿಗೆ ಕೊಡುತ್ತಾರೆ. ಯುದ್ಧದ ಮಾತು ಯಾರೂ ಎತ್ತಲಿಲ್ಲ. ಅಜ್ಜಿ ಕೇಳಿದ್ದು ನನ್ನ ತಾಯಿಯ ಬಗ್ಗೆ, ಆಮೇಲೆ ನಮ್ಮ ಕಡೆ ಹಸು ಎಷ್ಟು ಹಾಲು ಕೊಡುತ್ತದೆ ಎಂದು.

ಇನ್ನೊಂದು ವಿಷಯಕ್ಕೆ ಅವರಿಗೆ ಇದಕ್ಕಿಂತ ಜಾಸ್ತಿ ಋಣಿ. ದೀಪಾವಳಿಗೆ ನಮ್ಮ ಲಂಗರ್‌ನಿಂದ, ಅಂದರೆ ಪಡೆಯ ಅಡುಗೆಮನೆಯಿಂದ, ಪೂರಿ, ಆಲೂಗಡ್ಡೆ ಪಲ್ಯ, ಖೀರು ಒಯ್ದೆವು. ಕೊಟ್ಟು ಬರುವುದು ಅಂದುಕೊಂಡಿದ್ದೆವು. ಅವರು ಅದೇ ಚಾಪೆ ಹಾಸಿ ಕೂತು, ಈ ಸಲ ನೀವೇ ಬಡಿಸಿ ಎಂದರು. ಖಾರಕ್ಕೆ ಅಜ್ಜಿಯ ಕಣ್ಣಲ್ಲಿ ನೀರು ಬಂತು. ಮೊಸರು ಕಲಸಿಕೊಂಡು ಪೂರ್ತಿ ಉಂಡರು. ಕೊಡುವವರಾಗಿಯೇ ಉಳಿಯದೆ ನಮ್ಮ ಕೈಯಿಂದಲೂ ತೆಗೆದುಕೊಂಡರಲ್ಲ, ಅದನ್ನು ನಾನು ಮರೆಯಲಾರೆ. ಅಂದು ಬೆಳಗಿನ ಜಾವವೇ ಎದ್ದು ಹಿಟ್ಟು ಕಲಸಿದ ನಮ್ಮ ಅಡುಗೆಯವರಿಗೂ, ಎರಡೂ ಕಡೆಯ ಮಾತನ್ನು ಪ್ರೀತಿಯಿಂದ ದಾಟಿಸಿದ ದುಭಾಷಿಗೂ ನಮಸ್ಕಾರ.

2024ರ ಇಸ್ರೇಲ್-ಹಿಜ್ಬುಲ್ಲಾ ಯುದ್ಧದಲ್ಲಿ ಹತ್ತಿರದ ಖಿಯಾಮ್ ಊರಿನ ಮನೆಗಳು ಉರುಳಿದ ಚಿತ್ರಗಳನ್ನು ನೋಡಿ ನಿದ್ದೆ ಬರಲಿಲ್ಲ. ಕೊನೆಗೆ ದುಭಾಷಿಯ ಸಂದೇಶ ಬಂತು: ಎಲ್ಲರೂ ಕ್ಷೇಮ. ಯುನಿಫಿಲ್‌ನ ಕೆಲಸ 2026ರ ಡಿಸೆಂಬರ್ 31ಕ್ಕೆ ಮುಗಿಯಬೇಕೆಂದು ಭದ್ರತಾ ಮಂಡಳಿ 2025ರ ಆಗಸ್ಟ್‌ನಲ್ಲಿ ತೀರ್ಮಾನಿಸಿದೆ. ಅಲ್ಲಿ ಡ್ಯೂಟಿ ಮಾಡಿ ಬಂದ ನಮ್ಮವರು ಇದನ್ನು ಓದುತ್ತಿದ್ದರೆ, ಆ ಹಳ್ಳಿಗಳಲ್ಲಿ ನಿಮಗೆ ಉಣ್ಣಿಸಿದವರಿಗೆ ಒಂದು ಫೋನ್ ಮಾಡಿ. ನಾನು ಶುಕ್ರವಾರ ಅಜ್ಜಿಗೆ ಮಾಡುತ್ತಿದ್ದೇನೆ. ದುಭಾಷಿ ಅವರ ಮನೆಗೇ ಬರುವುದಾಗಿ ಒಪ್ಪಿದ್ದಾರೆ.