ನಾಲ್ಕು ಹೆಸ್ರಿಗೆ ಗುರುತು ಹಾಕೋ ಹಕ್ಕು, ಮತ್ತೆ ಮೇಲಿನ ಮನೆ ಪೋಪೋ

ಸ್ಯಾನ್ ಫ್ರಾನ್ಸಿಸ್ಕೋದ ಸ್ಕೂಲ್ ಬೋರ್ಡ್, ಅಂದ್ರೆ ಊರಿನ ಸರ್ಕಾರಿ ಶಾಲೆಗಳನ್ನ ನೋಡ್ಕೊಳ್ಳೋ ಮಂಡಳಿ, ಅದರ ಚುನಾವಣೆ ಎಣಿಕೆ ಅಂತೂ ಮುಗೀತು. ಮತದಾನ 2024ರ ನವೆಂಬರ್ 5ಕ್ಕೇ ಆಯ್ತು, ಆದ್ರೆ ಇಲ್ಲಿ ಅಂಚೇಲಿ ಬರೋ ಬ್ಯಾಲೆಟ್‌ಗಳೇ ಜಾಸ್ತಿ, ಎಲ್ಲಾ ಎಣಿಸಿ ಮುಗಿಸೋಕೆ ವಾರಗಟ್ಟಲೆ ಹಿಡಿಯುತ್ತೆ. ನಾಲ್ಕು ಸೀಟಿಗೆ 11 ಜನ ನಿಂತಿದ್ರು. ಜೇಮಿ ಹ್ಯೂಲಿಂಗ್, ಪರಾಗ್ ಗುಪ್ತಾ, ಸುಪ್ರಿಯಾ ರೇ, ಜಾನ್ ಜರ್ಸಿನ್ ಗೆದ್ದಿದ್ದಾರೆ. ನಾನು ಯಾರ್ಯಾರಿಗೆ ಹಾಕ್ದೆ ಅಂತ ಇಲ್ಲಿ ಬರೆಯಲ್ಲ. ಹಾಕ್ದೆ ಅನ್ನೋದನ್ನ ಮಾತ್ರ ಬರೀಬೇಕು ಅನ್ನಿಸ್ತು, ಯಾಕಂದ್ರೆ ಇಷ್ಟು ವರ್ಷ ಈ ದೇಶದಲ್ಲಿದ್ದು ನಾನು ಓಟು ಹಾಕಿದ್ದು ಇದೇ ಮೊದಲು, ಮತ್ತೆ ಅದು ನನ್ನೊಬ್ಬಳಿಂದ ಆಗಿದ್ದಲ್ಲ.

ಊರಿಂದ ಚಿಕ್ಕಪ್ಪ ಫೋನ್ ಮಾಡಿ ಮೊದಲು ಕೇಳಿದ್ದೇ "ಅಲ್ಲಮ್ಮ, ನಿಂಗೆ ಗ್ರೀನ್ ಕಾರ್ಡೇ ಬಂದಿಲ್ವಲ್ಲ, ಓಟು ಹೆಂಗೆ" ಅಂತ. ಇನ್ನೂ ಎಷ್ಟೋ ಜನ ಇದನ್ನೇ ಕೇಳಿದ್ದಾರೆ, ಅದಕ್ಕೆ ಒಂದ್ಸಲ ಹೇಳ್ಬಿಡ್ತೀನಿ. ಈ ಊರಲ್ಲಿ 2016ರಲ್ಲಿ ಪ್ರೊಪೊಸಿಷನ್ ಎನ್ ಅಂತ ಒಂದು ಪ್ರಸ್ತಾಪನ ಜನಾನೇ ಓಟು ಹಾಕಿ ಪಾಸು ಮಾಡಿದ್ರು. ಮಕ್ಕಳಿರೋ ಅಪ್ಪ ಅಮ್ಮ, ಪೋಷಕರು ಈ ದೇಶದ ಸಿಟಿಜನ್ ಅಲ್ದಿದ್ರೂ ಸ್ಕೂಲ್ ಬೋರ್ಡ್ ಚುನಾವಣೇಲಿ ಮಾತ್ರ ಓಟು ಹಾಕ್ಬಹುದು ಅಂತ. 2018ರ ನವೆಂಬರ್‌ನಲ್ಲಿ ಮೊದಲ್ನೇ ಸಲ ಹಾಗೆ ಹಾಕಿದ್ರು. 2022ರಲ್ಲಿ ಒಬ್ರು ಜಡ್ಜ್ ಇದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ತಳ್ಳಿ ಹಾಕಿದ್ರು, ಮಾರನೇ ವರ್ಷ ಅಪೀಲ್ ಕೋರ್ಟ್ ಆ ತೀರ್ಪನ್ನೇ ತಿರುಗಿಸ್ತು. ಹಂಗಾಗಿ ಉಳ್ಕೊಂಡಿರೋ ಹಕ್ಕು ಇದು. ಪ್ರತಿ ಚುನಾವಣೆಗೂ ಹೊಸದಾಗಿ ಬೇರೆ ಫಾರ್ಮ್ ತುಂಬ್ಬೇಕು, ಬರೋ ಬ್ಯಾಲೆಟ್ಟೂ ಬೇರೆ, ಅದರಲ್ಲಿ ಸ್ಕೂಲ್ ಬೋರ್ಡ್ ಬಿಟ್ರೆ ಮತ್ತೇನೂ ಇರಲ್ಲ, ಪ್ರೆಸಿಡೆಂಟ್ ಇಲ್ಲ, ಮೇಯರ್ ಇಲ್ಲ, ಶಾಲೆಗಳ ರಿಪೇರಿಗೆ ಅಂತಾನೇ ಸಾಲ ಎತ್ತೋಕೆ ಇದ್ದ 790 ಮಿಲಿಯನ್ ಡಾಲರ್ ಬಾಂಡಿನ ಪ್ರಸ್ತಾಪಾನೂ ಇಲ್ಲ. 11 ಹೆಸರು, ನಾಲ್ಕು ಗುರುತು, ಅಷ್ಟೇ.

ಸೆಪ್ಟೆಂಬರ್‌ನಲ್ಲಿ ನಮ್ಮನೆಯವ್ರ ಕೆಲಸ ಹೋಯ್ತು, ಅದು ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತಿದೆ. ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಇರೋರಿಗೆ ಕೆಲಸ ಹೋದ್ರೆ ಹೆಚ್ಚಂದ್ರೆ 60 ದಿನ, ಅಷ್ಟರಲ್ಲಿ ಇನ್ನೊಂದು ಸಿಗ್ಬೇಕು ಇಲ್ಲ ಬೇರೆ ದಾರಿ ನೋಡ್ಕೋಬೇಕು. ಆ ಲೆಕ್ಕ ಎಣಿಸಿದ ಕಥೆ ಮತ್ತೆ ಬರೆಯಲ್ಲ. ಇವ್ರ ರೆಸ್ಯೂಮೆನ ಅಲ್ಲಿ ಇಲ್ಲಿ ಮುಟ್ಟಿಸಿದ ಎಲ್ಲಾ ಗೆಳೆಯರಿಗೆ, ಮಗನ್ನ ಸ್ಕೂಲಿಂದ ಕರ್ಕೊಂಡು ಬಂದು ಊಟ ಹಾಕಿದ ಕೆಳಗಿನ ಬೀದಿಯವ್ರಿಗೆ, ಕನ್ನಡದ ಅಪ್ಪ ಅಮ್ಮಂದಿರ ಗ್ರೂಪಲ್ಲಿ ನಾನು ಕಳಿಸಿದ ಉದ್ದುದ್ದ ವಾಯ್ಸ್ ಮೆಸೇಜ್‌ಗಳನ್ನ ಕೇಳಿ ವಾಪಸ್ ಪ್ರಶ್ನೆ ಕೇಳಿದವ್ರಿಗೆ, ತಿಪಟೂರಿಂದ ದಿನಾ ಫೋನ್ ಮಾಡಿದ ಅಮ್ಮಂಗೆ, ಮತ್ತೆ ಮಗನ ಸ್ಪೀಚ್ ಟೀಚರ್‌ಗೆ, ಎಲ್ರಿಗೂ ಮನಸ್ಸಿಂದ ಥ್ಯಾಂಕ್ಸ್.

ಈಗ ಪೋಪೋ ಬಗ್ಗೆ.

ನಾವಿರೋದು ಊರಿನ ಸನ್‌ಸೆಟ್ ಅನ್ನೋ ಬಡಾವಣೆ ಕಡೆ, ಎರಡಂತಸ್ತಿನ ಮನೆ, ಕೆಳಗೆ ನಾವು ಮೇಲೆ ಅವ್ರು. ರಿಟೈರ್ ಆದ ಪ್ರೈಮರಿ ಸ್ಕೂಲ್ ಟೀಚರ್. ಅವ್ರ ಮೊಮ್ಮಕ್ಕಳು ಅವ್ರನ್ನ ಪೋಪೋ ಅಂತಾರೆ, ಅಂದ್ರೆ ಅಜ್ಜಿ, ನಮ್ಮ ಮಗನೂ ಹಂಗೇ ಕರೀತಾನೆ, ಕೊನೆಗೆ ನಾವೂ ಹಂಗೇ ಕರಿಯೋಕೆ ಶುರು ಮಾಡಿದ್ವಿ. ಹೆಸರು ಹಾಕ್ಬೇಡ ಅಂದಿದ್ದಾರೆ, ಹಾಕಲ್ಲ.

ಅಕ್ಟೋಬರ್‌ನಲ್ಲಿ ಒಂದು ರಾತ್ರಿ. ಇವ್ರು ಇಂಟರ್‌ವ್ಯೂಗೆ ಅಂತ ಆಸ್ಟಿನ್‌ಗೆ ಹೋಗಿದ್ರು, ಮಗಂಗೆ ಜ್ವರ, ಟೇಬಲ್ ಮೇಲೆ ಓಟಿನ ಫಾರ್ಮ್. ನಾನು ಅದನ್ನ ಅರ್ಧ ತುಂಬಿ ಇಟ್ಟಿದ್ದೆ. ಆವಾಗ ಪರಿಚಯದವ್ರೊಬ್ರು ಮೆಸೇಜ್ ಮಾಡಿದ್ರು, ಇದನ್ನ ತುಂಬಿದ್ರೆ ನಿಮ್ಮ ವೀಸಾ ಅಲ್ಲಿಗೆ ಮುಗೀತು, ಮುಂದೆ ಸಿಟಿಜನ್‌ಶಿಪ್ ಅರ್ಜೀಲಿ ಓಟಿಗೆ ರಿಜಿಸ್ಟರ್ ಮಾಡಿದ್ದೀರಾ ಅಂತ ಕೇಳ್ತಾರೆ, ಮನೆಯವ್ರನ್ನೆಲ್ಲ ಕಷ್ಟಕ್ಕೆ ತಳ್ತೀಯಾ ಅಂತ. ಅವ್ರು ಕಾಳಜಿಯಿಂದಾನೇ ಹೇಳಿದ್ದು. ಆ ಪ್ರಶ್ನೆ ಆ ಅರ್ಜೀಲಿ ನಿಜವಾಗ್ಲೂ ಇದೆ. ಈ ಫಾರ್ಮಲ್ಲೂ ಎಚ್ಚರಿಕೆ ಬರ್ದಿದ್ದಾರೆ, ನೀವು ಕೊಡೋ ಮಾಹಿತಿ ಇಮಿಗ್ರೇಷನ್ ಇಲಾಖೆಯವ್ರಿಗೆ ಸಿಗಬಹುದು, ಮೊದಲು ವಕೀಲರನ್ನ ಕೇಳಿ ಅಂತ. ನಾನು ಅದನ್ನ ಓದಿದ್ದೆ. ಆದ್ರೂ ಆ ಹೊತ್ತಲ್ಲಿ, ಕೆಲಸ ಇಲ್ಲ, ದಿನ ಓಡ್ತಿದೆ, ಮಗು ಬಿಸಿಬಿಸಿ ಆಗಿ ತೊಡೆ ಮೇಲೆ ಮಲ್ಗಿದೆ, ಆವಾಗ ಅದನ್ನ ಓದಿದಾಗ ಕೈ ನಡುಗಿ ಬಿಡ್ತು. ಅಳು ಬಂತು. ಹೆದ್ರಿಕೆ ಅಂತ ಮಾತ್ರ ಅಲ್ಲ, ಸಿಟ್ಟು. ಟ್ಯಾಕ್ಸ್ ಕಟ್ಟಿದ್ದೀವಿ, ಬಾಡಿಗೆ ಕಟ್ಟಿದ್ದೀವಿ, ಮಗು ಇಲ್ಲೇ ಹುಟ್ಟಿದೆ, ಭಾರತದವ್ರ ಇಬಿ-2 ಅನ್ನೋ ಗ್ರೀನ್ ಕಾರ್ಡ್ ಸಾಲು ಆಗಿನ್ನೂ 2012ರ ಅರ್ಜಿಗಳ ಹತ್ರಾನೇ ನಿಂತಿತ್ತು, ನಮ್ಮ ಸರದಿ ಬರೋ ಹೊತ್ಗೆ ಮಗ ಕಾಲೇಜಿಗೆ ಹೋಗಿರ್ತಾನೆ, ಅಷ್ಟು ದಿನಾನೂ ಅವನ ಶಾಲೆ ಬಗ್ಗೆ ನಾನು ಬಾಯೇ ತೆಗೀಬಾರ್ದಾ ಅಂತ. ಗೋಡೆ ಹಳೇದು, ಶಬ್ದ ಮೇಲೆ ಕೇಳುತ್ತೆ. ಪೋಪೋ ಬಾಗಿಲು ತಟ್ಟಿದ್ರು.

ಏನಾಯ್ತು ಅಂತ ಕೇಳ್ಲಿಲ್ಲ. ಮಗನ್ನ ನನ್ನ ತೊಡೆಯಿಂದ ಎತ್ಕೊಂಡು ಒದ್ದೆ ಬಟ್ಟೆ ಹಾಕಿ ಮಲಗ್ಸಿದ್ರು. ಅಕ್ಕಿ ಗಂಜಿ ಇಟ್ರು, ಶುಂಠಿ ಹಾಕಿ. ಆಮೇಲೆ ನಾನು ಫೋನ್ ಕೈಗೆ ಕೊಟ್ಟೆ, ಮೆಸೇಜ್ ಇಂಗ್ಲಿಷಲ್ಲೇ ಇತ್ತು, ಓದಿದ್ರು. ಫಾರ್ಮ್ ತಗೊಂಡು ಮೊದಲ್ನೇ ಸಾಲಿಂದ ಕೊನೇ ತನಕ ಜೋರಾಗಿ ಓದಿದ್ರು, ಎಚ್ಚರಿಕೆ ಇರೋ ಭಾಗಾನ ಎರಡು ಸಲ. "ಹೆದ್ರೋ ಅಂಥದ್ದೇ ಇದೆ, ನೀನು ಹೆದ್ರಿದ್ದು ತಪ್ಪಲ್ಲ" ಅಂದ್ರು. ತುಂಬು ಅಂತಾನೂ ಹೇಳ್ಲಿಲ್ಲ, ಬೇಡ ಅಂತಾನೂ ಹೇಳ್ಲಿಲ್ಲ. ಬೆಳಿಗ್ಗೆ ವಕೀಲರ ಹತ್ರ ನಾನೂ ಬರ್ತೀನಿ, ಅಲ್ಲಿ ತನಕ ಇದನ್ನ ಡ್ರಾಯರ್‌ನಲ್ಲಿ ಇಡು ಅಂದ್ರು.

ಆಮೇಲೆ ನನಗೆ ನಿದ್ದೆ ಬರಲ್ಲ ಅಂತ ಅವ್ರಿಗೆ ಗೊತ್ತಾಗಿರ್ಬೇಕು, ಅಡುಗೆಮನೇಲೇ ಕೂತ್ಕೊಂಡ್ರು. ಇಷ್ಟು ವರ್ಷ ಮೇಲೆ ಕೆಳಗೆ ಇದ್ರೂ ನನಗೆ ಗೊತ್ತಿರ್ಲಿಲ್ಲ, ಅವ್ರು ಪುಟ್ಟ ಹುಡುಗಿಯಾಗಿ ಹಾಂಗ್‌ಕಾಂಗಿಂದ ಬಂದಾಗ ಒಂದಕ್ಷರ ಇಂಗ್ಲಿಷ್ ಬರ್ತಿರ್ಲಿಲ್ಲವಂತೆ. ಕ್ಲಾಸಲ್ಲಿ ಸುಮ್ನೆ ಕೂತಿರೋದು, ಟೀಚರ್ ಬಾಯಿ ಆಡೋದನ್ನ ನೋಡೋದು. ಆಗ ಈ ಊರಲ್ಲಿ ಹಾಗೆ ಇಂಗ್ಲಿಷ್ ಬರದೆ, ಸಹಾಯಾನೂ ಸಿಗದೆ ಕೂತಿದ್ದ ಚೀನಾ ಮೂಲದ ಮಕ್ಕಳು ಸುಮಾರು 1,800. ಅವ್ರ ಅಪ್ಪ ಅಮ್ಮಂದಿರು ಕೇಸ್ ಹಾಕಿದ್ರು, ಕೆಳಗಿನ ಕೋರ್ಟುಗಳಲ್ಲಿ ಸೋತ್ರು, 1974ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವ್ರ ಪರ ತೀರ್ಪು ಕೊಡ್ತು. ಲಾವ್ ವರ್ಸಸ್ ನಿಕೋಲ್ಸ್ ಅಂತ. ಎಲ್ರಿಗೂ ಒಂದೇ ಪುಸ್ತಕ ಒಂದೇ ಟೀಚರ್ ಕೊಟ್ಬಿಟ್ರೆ ಸಮಾನತೆ ಆಗಲ್ಲ, ಮಗೂಗೆ ಪಾಠ ಅರ್ಥಾನೇ ಆಗ್ದಿದ್ರೆ ಅದು ಶಿಕ್ಷಣಾನೇ ಅಲ್ಲ ಅನ್ನೋ ಅರ್ಥದ ತೀರ್ಪು. ಇವತ್ತು ಈ ದೇಶದ ಎಲ್ಲಾ ಕಡೆ ಮನೇಲಿ ಕನ್ನಡ ತೆಲುಗು ಸ್ಪ್ಯಾನಿಷ್ ಮಾತಾಡೋ ಮಕ್ಕಳಿಗೆ ಸ್ಕೂಲಲ್ಲಿ ಇಂಗ್ಲಿಷ್ ಕಲಿಯೋಕೆ ಸಹಾಯ ಸಿಗ್ತಿದೆಯಲ್ಲ, ಅದರ ಹಿಂದೆ ಈ ಕೇಸ್ ಇದೆ.

ಅದಕ್ಕೂ ಹಿಂದಿನ ಕಥೆ ಒಂದು ಹೇಳಿದ್ರು. 1884ರಲ್ಲಿ ಮೇಮಿ ಟೇಪ್ ಅನ್ನೋ ಎಂಟು ವರ್ಷದ ಹುಡುಗೀನ, ಇಲ್ಲೇ ಹುಟ್ಟಿದ ಮಗು, ಚೀನಾದವ್ಳು ಅಂತ ಇದೇ ಊರಿನ ಶಾಲೆ ಸೇರಿಸ್ಕೊಳ್ಳಲ್ಲ ಅಂತು. ಅಪ್ಪ ಅಮ್ಮ ಕೋರ್ಟಿಗೆ ಹೋದ್ರು, 1885ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಲ್ಲಿ ಗೆದ್ರು. ಗೆದ್ಮೇಲೂ ಬೋರ್ಡ್ ಚೀನಾ ಮಕ್ಕಳಿಗೆ ಅಂತ ಬೇರೆ ಶಾಲೆ ತೆಗೆದು ಅಲ್ಲಿಗೇ ಕಳಿಸ್ತು. ಆ ಮಗು ತಾಯಿ ಮೇರಿ ಟೇಪ್ ಬೋರ್ಡಿಗೆ ಒಂದು ಪತ್ರ ಬರ್ದ್ರು, ಪೇಪರಲ್ಲೂ ಬಂತು ಅದು. ಅವ್ರಿಗೆ ಓಟಿನ ಹಕ್ಕು ಇರ್ಲಿಲ್ಲ, ಆದ್ರೆ ಆ ಪತ್ರ ಇವತ್ತಿಗೂ ಜನ ಓದ್ತಾರೆ. ಪೋಪೋ ಇದನ್ನ ಹೇಳುವಾಗ ನನ್ನ ಕಡೆ ನೋಡ್ಲೇ ಇಲ್ಲ, ಗಂಜಿ ಪಾತ್ರೆ ತೊಳೀತಾ ಹೇಳಿದ್ರು. ನನ್ನ ಒಪ್ಪಿಸ್ಬೇಕು ಅಂತ ಹೇಳಿದ್ದಲ್ಲ ಅದು, ನನ್ನ ಜೊತೆ ಎಚ್ಚರ ಇರೋಕೆ ಹೇಳಿದ್ದು. ಬೆಳಗಿನ ಜಾವದ ತನಕ ಇದ್ರು. ಮಗನ ಜ್ವರ ಇಳಿದ ಮೇಲೇನೇ ಮೆಟ್ಟಿಲು ಹತ್ತಿದ್ದು, ಮಂಡಿ ನೋವು ಇರೋರು.

ಹೇಳಿದ ಹಾಗೆ ವಕೀಲರ ಹತ್ರ ಬಂದ್ರು. ಅಲ್ಲಿ ಏನ್ ಮಾತಾಯ್ತು ಅಂತ ಬರೆಯಲ್ಲ, ಒಬ್ಬೊಬ್ರ ಪರಿಸ್ಥಿತಿ ಒಂದೊಂದು ಥರ, ನನಗೆ ಹೇಳಿದ್ದು ನಿಮಗೆ ಆಗದೇ ಇರ್ಬಹುದು. ನಮ್ಮ ಕಾಗದ ಪತ್ರ ಎಲ್ಲಾ ನೋಡಿ ಹೇಳಿದ್ಮೇಲೆ ನಾನೂ ಇವ್ರೂ ಕೂತು ಮಾತಾಡಿ ತೀರ್ಮಾನ ಮಾಡಿ ಫಾರ್ಮ್ ಕೊಟ್ವಿ. ಸಿಟಿ ಹಾಲಿನ ವೋಟಿಂಗ್ ಸೆಂಟರ್‌ಗೂ ಪೋಪೋ ಜೊತೇಲೇ ಹೋಗಿದ್ದು.

ನಿಂತಿದ್ದ 11 ಜನಕ್ಕೂ ಥ್ಯಾಂಕ್ಸ್ ಹೇಳ್ಬೇಕು, ಇದನ್ನ ಸುಮ್ನೆ ಶಿಷ್ಟಾಚಾರಕ್ಕೆ ಹೇಳ್ತಿಲ್ಲ. ಈ ಕೆಲಸಕ್ಕೆ ಆಗ ತಿಂಗಳಿಗೆ 500 ಡಾಲರ್ ಕೊಡ್ತಿದ್ರು, ಈ ಊರಲ್ಲಿ ಅದು ಪಾರ್ಕಿಂಗ್‌ಗೆ ಸಾಲೋ ದುಡ್ಡು. ಮೀಟಿಂಗ್‌ಗಳು ಮಧ್ಯರಾತ್ರಿ ತನಕ ಎಳೀತವೆ. 2022ರ ಫೆಬ್ರವರೀಲಿ ಇದೇ ಬೋರ್ಡಿನ ಮೂರು ಜನಾನ ಅವಧಿ ಮಧ್ಯದಲ್ಲೇ ಓಟು ಹಾಕಿ ಇಳಿಸಿದ ಊರಿದು. ಈ ಸಲ ಖಾಲಿಯಾದ ನಾಲ್ಕು ಸೀಟಲ್ಲಿ ಹಳಬರು ಮತ್ತೆ ನಿಂತಿದ್ದು ಒಬ್ರೇ, ಅವ್ರೂ ಸೋತ್ರು. ಅಂಥಾ ಜಾಗಕ್ಕೆ ಬರ್ತೀವಿ ಅಂತ 11 ಜನ ಮುಂದೆ ಬಂದಿದ್ದೇ ದೊಡ್ಡದು. ಅದೂ ಎಂಥಾ ಸಮಯದಲ್ಲಿ, ಬಜೆಟ್ಟಲ್ಲಿ 100 ಮಿಲಿಯನ್ ಡಾಲರಿಗಿಂತ ದೊಡ್ಡ ಕೊರತೆ, ಖರ್ಚಿನ ಮೇಲೆ ರಾಜ್ಯದವ್ರ ಕಣ್ಣು, ಅಕ್ಟೋಬರ್‌ನಲ್ಲಿ ಮುಚ್ಚಬಹುದಾದ ಶಾಲೆಗಳ ಪಟ್ಟಿ ಹೊರಗೆ ಬಂತು, ಅದೇ ತಿಂಗಳು ಎಲ್ಲಾ ಶಾಲೆಗಳ ಆಡಳಿತದ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಮ್ಯಾಟ್ ವೇಯ್ನ್ ರಾಜೀನಾಮೆ ಕೊಟ್ರು, ಆ ಜಾಗಕ್ಕೆ ಮಾರಿಯಾ ಸು ಬಂದ್ರು, ಮುಚ್ಚೋ ಯೋಜನೆ ಆಗ ನಿಂತ್ಹೋಯ್ತು. ಪ್ರಚಾರ ಮಾಡ್ತಾ ಇರೋವಾಗ್ಲೇ ಕಾಲ ಕೆಳಗಿನ ನೆಲ ಹೀಗೆ ಅಲ್ಲಾಡಿದ್ರೂ ಅಭ್ಯರ್ಥಿಗಳು ಬಂದು ನಮ್ಮಂಥ ಅಪ್ಪ ಅಮ್ಮಂದಿರ ಮುಂದೆ ಪ್ಲಾಸ್ಟಿಕ್ ಕುರ್ಚೀಲಿ ಕೂತು ಉತ್ತರ ಕೊಟ್ರು.

ನಾವು ಕೆಲವರು ಸೇರಿ ಇಟ್ಕೊಂಡಿದ್ದ ಭೇಟೀಲಿ ಹೆಚ್ಚು ಮಾತಾಗಿದ್ದು ಆಲ್ಜೀಬ್ರಾ ಬಗ್ಗೆ. 2014ರಿಂದ ಎಂಟನೇ ಕ್ಲಾಸಿಂದ ಅದನ್ನ ತೆಗ್ದಿದ್ರು, 2024ರ ಮಾರ್ಚಲ್ಲಿ ವಾಪಸ್ ತನ್ನಿ ಅಂತ ಶೇ. 80ಕ್ಕಿಂತ ಹೆಚ್ಚು ಜನ ಓಟು ಹಾಕಿದ್ರು. ಇನ್ನೊಂದು ಟೀಚರ್‌ಗಳ ಸಂಬಳ, 2022ರಲ್ಲಿ ಹೊಸ ಪೇರೋಲ್ ಸಿಸ್ಟಮ್ ಬಂದು ಎಷ್ಟೋ ಟೀಚರ್‌ಗಳಿಗೆ ಸಂಬಳಾನೇ ಸರಿಯಾಗಿ ಬರದೆ ಹೋದ ವಿಷಯ. ನಾನು ಕೇಳಿದ್ದು ಒಂದೇ ಪ್ರಶ್ನೆ, ಮಾತು ತಡವಾಗಿ ಬಂದ ನನ್ನ ಮಗನಂಥ ಮಕ್ಕಳ ಜೊತೆ ಕೂರೋ ಸಹಾಯಕ ಟೀಚರ್‌ಗಳನ್ನ ಈ ಕೊರತೆ ಬಜೆಟ್ಟಲ್ಲಿ ಹೇಗೆ ಉಳಿಸ್ಕೋತೀರಾ ಅಂತ. ನನ್ನ ದನಿ ಗಟ್ಟಿಯಾಗೇ ಬಂತು. ಒಬ್ಬ ಅಭ್ಯರ್ಥಿ ನೇರವಾಗಿ ಹೇಳಿದ್ರು, ಎಲ್ಲರನ್ನೂ ಉಳಿಸ್ತೀನಿ ಅಂತ ಮಾತು ಕೊಟ್ರೆ ಅದು ಸುಳ್ಳಾಗುತ್ತೆ, ಮೊದಲು ಕೈ ಹಾಕ್ಬಾರ್ದ ಜಾಗ ಅದು ಅಂತ ಮಾತ್ರ ವಾದ ಮಾಡ್ತೀನಿ ಅಂತ. ಅವ್ರು ಗೆದ್ರೋ ಬಿಟ್ರೋ, ಆ ಉತ್ತರಕ್ಕೆ ನನ್ನ ಒಂದು ಗುರುತು ಹೋಯ್ತು.

ಅಮ್ಮಂಗೆ ಇದನ್ನೆಲ್ಲ ಹೇಳ್ದಾಗ ಅವ್ಳು ಖುಷಿಪಟ್ಟಿದ್ದು ಅಷ್ಟಿಷ್ಟಲ್ಲ. ಕರ್ನಾಟಕದಲ್ಲಿ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದ್ರೆ ಎಸ್‌ಡಿಎಂಸಿ ಶುರುವಾದಾಗ ನಮ್ಮೂರ ಸರ್ಕಾರಿ ಶಾಲೇಲಿ, ತಮ್ಮ ಓದ್ತಿದ್ದ ಶಾಲೇಲಿ, ಅವ್ಳು ಸದಸ್ಯೆ ಆಗಿದ್ಳು. ಕಾಂಪೌಂಡಿಗೆ, ಹುಡುಗೀರ ಶೌಚಾಲಯಕ್ಕೆ ಅಂತ ಬಿಇಒ ಆಫೀಸಿಗೆ ಎಷ್ಟು ಸಲ ಹೋಗಿದ್ಳೋ. "ಶಾಲೆ ವಿಷ್ಯದಲ್ಲಿ ನೀನು ಬಾಯಿ ಮುಚ್ಕೊಂಡು ಇರಲ್ಲ ಅಂತ ನಂಗೊತ್ತಿತ್ತು" ಅಂದ್ಳು.

ಇವ್ರಿಗೆ ಕೆಲಸ ಸಿಕ್ಕಿದೆ, ಇದೇ ಊರಲ್ಲೇ, ಎಚ್-1ಬಿಗೆ ಹೊಸ ಅರ್ಜಿ ಗಡುವಿನೊಳಗೆ ಫೈಲ್ ಆಗಿದೆ. ಮಗ ಚೆನ್ನಾಗಿದ್ದಾನೆ. ಉಳಿದ ಸೀಟುಗಳ ಚುನಾವಣೆ 2026ರ ನವೆಂಬರ್‌ನಲ್ಲಿ ಬರುತ್ತೆ, ಆವಾಗ ಮತ್ತೆ ಹೊಸ ಫಾರ್ಮ್ ತುಂಬ್ಬೇಕು. ಈ ಊರಲ್ಲಿರೋ ಕನ್ನಡದವ್ರು, ಬೇರೆ ಯಾರೇ ಆಗ್ಲಿ, ಯೋಚನೆ ಮಾಡ್ತಿದ್ರೆ ಮೊದಲು ಇಮಿಗ್ರೇಷನ್ ವಕೀಲರ ಹತ್ರ ಹೋಗಿ, ದಯವಿಟ್ಟು ಅದನ್ನ ಬಿಡ್ಬೇಡಿ. ತುಂಬ್ಬೇಕು ಅಂತ ಆದ್ರೆ ಒಬ್ರೇ ಕೂತು ತುಂಬ್ಬೇಡಿ, ನನ್ನ ಕರೀರಿ, ಎಷ್ಟೊತ್ತಾದ್ರೂ ಬರ್ತೀನಿ. ಬೇಡ ಅಂತ ತೀರ್ಮಾನ ಮಾಡಿದ್ರೂ ಕರೀರಿ. ಅಭ್ಯರ್ಥಿಗಳಿಗೆ ಪ್ರಶ್ನೆ ಕೇಳೋಕೆ ಯಾವ ಫಾರ್ಮೂ ಬೇಕಿಲ್ಲ, ಬೋರ್ಡ್ ಮೀಟಿಂಗಲ್ಲಿ ಎದ್ದು ಮಾತಾಡೋಕೂ ಬೇಕಿಲ್ಲ. ಫ್ರಾಂಕ್ಲಿನ್ ಸ್ಟ್ರೀಟಲ್ಲಿ ನಡೆಯೋ ಮುಂದಿನ ಮೀಟಿಂಗಿಗೆ ನಾನೂ ಪೋಪೋನೂ ಹೋಗ್ತಿದ್ದೀವಿ, ಬರೋರು ಮೆಸೇಜ್ ಮಾಡಿ.